ಮಗುವಿನ ಲಸಿಕೆ: ಹೊಣೆಯ ಪ್ರಶ್ನೆ ಒಬ್ಬರಿಗೇ ಏಕೆ?

ಮಾನ್ಯ ಸಂಪಾದಕರಿಗೆ,

ಮಗುವಿಗೆ ಲಸಿಕೆ ಹಾಕಿಸಬೇಕೇ ಬೇಡವೇ ಎಂಬ ಮಾತಿಗೆ ಒಂದೇ ಮನೆಯವರು ಎರಡು ಪಕ್ಷವಾಗುವುದನ್ನು ನಾನು ಹಲವು ಬಾರಿ ಹತ್ತಿರದಿಂದ ನೋಡಿದ್ದೇನೆ. ತಾಯಿಗೆ ಹಾಕಿಸಬೇಕೆಂದಿರುತ್ತದೆ, ತಂದೆ ಹಿಂಜರಿಯುತ್ತಾನೆ. ಅವರಿಬ್ಬರೂ ಒಪ್ಪಿದರೆ ಅಜ್ಜಿಯೋ ದೊಡ್ಡಪ್ಪನೋ ಅಡ್ಡ ಬರುತ್ತಾರೆ. ಕೆಲವು ಮನೆಗಳಲ್ಲಿ ಹಿರಿಯರೇ ಹಾಕಿಸಿ ಎಂದು ಒತ್ತಾಯಿಸಿದರೂ ಓದು ಬಲ್ಲ ಮಕ್ಕಳು ಬೇಡವೆನ್ನುತ್ತಾರೆ. ಹೊರಗಿನವರು ಇದನ್ನು ತಿಳಿವಳಿಕೆಗೂ ಮೂಢನಂಬಿಕೆಗೂ ನಡೆಯುವ ಜಗಳವೆಂದು ತಿಳಿದು, ಒಂದಷ್ಟು ಮಾಹಿತಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳುತ್ತಾರೆ. ನಾನು ಕಂಡ ಮನೆಗಳಲ್ಲಿ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಒಂದೇ ಪ್ರಶ್ನೆಯಲ್ಲಿ: ‘ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಯಾರು ಹೊಣೆ?’ ಈ ಪ್ರಶ್ನೆಯನ್ನು ಹಾಕಿಸೋಣ ಎನ್ನುವವರಿಗೆ ಮಾತ್ರ ಕೇಳಲಾಗುತ್ತದೆ. ಬೇಡ ಎನ್ನುವವರಿಗೆ, ಆಮೇಲೆ ನೋಡೋಣ ಎನ್ನುವವರಿಗೆ, ಅದನ್ನು ಯಾರೂ ಕೇಳುವುದಿಲ್ಲ. ಈ ಅನ್ಯಾಯದ ಬಗ್ಗೆ ತಮ್ಮ ಪತ್ರಿಕೆಯ ಓದುಗರ ಮುಂದೆ ನಾಲ್ಕು ಮಾತು ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ನಾದಿನಿಯ ಮನೆಯಲ್ಲಿ ನಡೆದುದನ್ನು ಹೇಳಿದರೆ ವಿಷಯ ಸ್ಪಷ್ಟವಾದೀತು. ಅವಳ ಕೂಸಿಗೆ ಆರು ವಾರದ ಚುಚ್ಚುಮದ್ದು ಹಾಕಿಸಿದ ದಿನ ನಾನು ಅಲ್ಲಿದ್ದೆ. ಸಂಜೆಯ ಹೊತ್ತಿಗೆ ಮಗುವಿನ ತೊಡೆ ಕೆಂಪಗಾಗಿ ಗಂಟು ಕಟ್ಟಿತು, ಮೈ ಬಿಸಿಯಾಯಿತು, ಹಾಲು ಕುಡಿಯಲೊಲ್ಲದೆ ಒಂದೇ ಸಮನೆ ಅಳತೊಡಗಿತು. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಕೋಣೆಯ ಉದ್ದಕ್ಕೂ ಓಡಾಡುತ್ತಿದ್ದರೆ, ಅವಳ ಅತ್ತೆ ಬಾಗಿಲಲ್ಲಿ ನಿಂತು, ‘ಬೇಡ ಬೇಡ ಅಂತ ಬಡಕೊಂಡೆ, ಕೇಳಿದ್ಯಾ?’ ಎಂದರು. ಗಂಡ ಫೋನಿನಿಂದ ತಲೆ ಎತ್ತಲಿಲ್ಲ; ಆಸ್ಪತ್ರೆಗೆ ಜೊತೆಯಲ್ಲಿ ಬಂದು ಸಹಿ ಹಾಕಿದವನು ಅವನೇ ಆಗಿದ್ದರೂ, ‘ನಾವಿಬ್ಬರೂ ಸೇರಿ ತೀರ್ಮಾನಿಸಿದ್ದು’ ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಮರುದಿನ ಸಂಜೆಯೊಳಗೆ ಜ್ವರ ಇಳಿಯಿತು, ಮಗು ಎಂದಿನಂತೆ ಆಡಿತು. ಆದರೆ ಮುಂದಿನ ಡೋಸಿನ ದಿನ ಬಂದಾಗ ಅವಳು ಹೋಗಲಿಲ್ಲ. ಏಕೆಂದು ಕೇಳಿದರೆ, ‘ಆ ಮಾತನ್ನ ಇನ್ನೊಂದು ಸಲ ಕೇಳೋ ಶಕ್ತಿ ನನಗಿಲ್ಲ ಅತ್ತಿಗೆ’ ಎಂದಳು. ಲಸಿಕೆಯ ಬಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮನೆಯವರೆಲ್ಲರ ಭಯವನ್ನು ತಾನೊಬ್ಬಳೇ ಹೊರಬೇಕಾಗಿ ಬಂದಾಗ ಅವಳು ಸೋತಳು, ಅಷ್ಟೆ. ಆ ಡೋಸನ್ನು ಮುಂದೆ ತಡವಾಗಿ ಹಾಕಿಸಿದ್ದಾಯಿತು; ಎಲ್ಲ ಮನೆಗಳಲ್ಲೂ ಹಾಗೆ ಆಗುವುದಿಲ್ಲ.

ಆ ರಾತ್ರಿಯ ಜ್ವರ ಏನೆಂದು ಮೊದಲೇ ಎಲ್ಲರನ್ನೂ ಕೂರಿಸಿ ಯಾರಾದರೂ ಹೇಳಿದ್ದರೆ ಬಾಗಿಲಲ್ಲಿ ಆ ಮಾತು ಬರುತ್ತಿರಲಿಲ್ಲವೆಂದು ನನಗೆ ಅನ್ನಿಸುತ್ತದೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಲಸಿಕೆ ಹಾಕಿದ ಮೇಲೆ ಒಂದೆರಡು ದಿನ ಜ್ವರ, ಊತ, ನೋವು ಬರುವುದು ಸಾಮಾನ್ಯ. ದೇಹ ಲಸಿಕೆಯನ್ನು ಗುರುತಿಸಿ ಅದಕ್ಕೆ ಎದುರಾಗಿ ಕೆಲಸ ಮಾಡುತ್ತಿರುವಾಗ ಕಾಣಿಸುವ ಲಕ್ಷಣಗಳವು. ದಡಾರದ ಲಸಿಕೆಯಲ್ಲಿ ಜ್ವರ ಬರುವುದಾದರೆ ಅದು ಸಾಮಾನ್ಯವಾಗಿ 7ರಿಂದ 12 ದಿನಗಳ ನಂತರ ಬರುತ್ತದೆ, ಅಷ್ಟರಲ್ಲಿ ಮನೆಯವರು ಲಸಿಕೆಯನ್ನೇ ಮರೆತಿರುತ್ತಾರೆ. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿ ಕೊಡುವ ಎಂಎಂಆರ್ ಲಸಿಕೆಯಿಂದ ಸುಮಾರು 3,000ದಿಂದ 4,000 ಡೋಸುಗಳಿಗೆ ಒಂದರಂತೆ ಜ್ವರದ ಫಿಟ್ಸ್ ಬರುವುದುಂಟು. ನೋಡುವ ತಾಯಿಗೆ ಜೀವ ಬಾಯಿಗೆ ಬರುತ್ತದೆ, ನಿಜ, ಆದರೆ ಇಂಥ ಫಿಟ್ಸಿನಿಂದ ಮಗುವಿಗೆ ಶಾಶ್ವತ ತೊಂದರೆಯಾಗುವುದಿಲ್ಲ. ಪ್ರಾಣಕ್ಕೆ ಅಪಾಯ ತರಬಲ್ಲ ತೀವ್ರ ಅಲರ್ಜಿ ಸುಮಾರು 10 ಲಕ್ಷ ಡೋಸುಗಳಿಗೆ ಒಂದು ಎಂಬಷ್ಟು ಅಪರೂಪ, ಬಂದರೂ ಹೆಚ್ಚಾಗಿ ನಿಮಿಷಗಳಲ್ಲೇ ಬರುತ್ತದೆ. ಚುಚ್ಚುಮದ್ದು ಹಾಕಿಸಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದು ಹೋಗಿ ಎಂದು ಹೇಳುವುದು ಇದಕ್ಕಾಗಿಯೇ.

ಇದರ ಎದುರಿಗೆ ದಡಾರವನ್ನು ಇಟ್ಟು ನೋಡಬೇಕು. ಒಳ್ಳೆಯ ಆಸ್ಪತ್ರೆಗಳಿರುವ ದೇಶಗಳಲ್ಲಿಯೂ ದಡಾರ ಬಂದ 1,000 ಮಕ್ಕಳಲ್ಲಿ ಒಬ್ಬರಿಂದ ಮೂವರು ಸಾಯುತ್ತಾರೆ, 1,000ಕ್ಕೆ ಸುಮಾರು ಒಬ್ಬರಿಗೆ ಮಿದುಳಿನ ಉರಿಯೂತವಾಗುತ್ತದೆ. ಪೌಷ್ಟಿಕತೆಯಿಲ್ಲದ ಮಕ್ಕಳಲ್ಲಿ ಸಾವು ಇದಕ್ಕಿಂತ ಎಷ್ಟೋ ಹೆಚ್ಚು. ಬದುಕಿ ಉಳಿದ ಮಗುವಿನ ದೇಹದಿಂದಲೂ ಈ ಕಾಯಿಲೆ ಏನನ್ನೋ ಕಿತ್ತುಕೊಂಡು ಹೋಗುತ್ತದೆ. 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಬೇರೆ ರೋಗಗಳ ವಿರುದ್ಧ ಮಕ್ಕಳು ಅದುವರೆಗೆ ಗಳಿಸಿಕೊಂಡಿದ್ದ ಪ್ರತಿಕಾಯಗಳಲ್ಲಿ (ರೋಗಾಣುಗಳನ್ನು ಎದುರಿಸಲು ರಕ್ತದಲ್ಲಿರುವ ರಕ್ಷಕ ಪ್ರೋಟೀನುಗಳಲ್ಲಿ) ಶೇ 11ರಿಂದ 73ರಷ್ಟನ್ನು ದಡಾರ ಅಳಿಸಿಹಾಕಿತ್ತು. ‘ದಡಾರ ತಾನೇ, ಬಂದು ಹೋಗುತ್ತದೆ’ ಎಂದು ಹಗುರವಾಗಿ ಹೇಳುವ ಹಿರಿಯರು, ತಮ್ಮ ಜೊತೆ ದಡಾರ ಬಂದು ಬದುಕುಳಿದವರನ್ನು ಮಾತ್ರ ಎಣಿಸುತ್ತಿರುತ್ತಾರೆ. ಉಳಿಯದ ಮಕ್ಕಳ ಲೆಕ್ಕವನ್ನು ಆ ಮಾತಿನಲ್ಲಿ ಯಾರೂ ಹಿಡಿಯುವುದಿಲ್ಲ.

ಇಷ್ಟಾದರೂ ಲೆಕ್ಕ ಮನಸ್ಸಿಗೆ ನಾಟುವುದಿಲ್ಲವೇಕೆ? ನಾವು ಕೈಯಾರೆ ಮಾಡಿದ್ದರಿಂದ ಕೆಡುಕಾದರೆ ಅದು ನಮ್ಮ ತಪ್ಪು, ಸುಮ್ಮನಿದ್ದು ಕೆಡುಕಾದರೆ ಅದು ಹಣೆಬರಹ ಎಂದು ನಮ್ಮ ಮನಸ್ಸು ಎರಡು ತಕ್ಕಡಿ ಹಿಡಿಯುತ್ತದೆ. ಈ ಸಂಕಟ ಹೊಸದೇನೂ ಅಲ್ಲ. ಅಮೆರಿಕದ ಮುತ್ಸದ್ದಿ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ತಮ್ಮ ನಾಲ್ಕು ವರ್ಷದ ಮಗ ಫ್ರಾನ್ಸಿಸ್‌ನನ್ನು ಸಿಡುಬಿಗೆ ಕಳೆದುಕೊಂಡರು. ಎಡ್ವರ್ಡ್ ಜೆನ್ನರ್ ಲಸಿಕೆ ಕಂಡುಹಿಡಿಯಲು ಇನ್ನೂ 60 ವರ್ಷ ಬಾಕಿ ಇದ್ದ ಕಾಲವದು. ಸಿಡುಬಿನ ಕೀವನ್ನೇ ಚರ್ಮಕ್ಕೆ ಹಾಕಿ ಸಣ್ಣ ಪ್ರಮಾಣದಲ್ಲಿ ರೋಗ ಬರಿಸುವ ಹಳೆಯ ಪದ್ಧತಿಯಷ್ಟೇ ಇತ್ತು, ಅದರಲ್ಲಿಯೂ ಸಾವಿನ ಅಪಾಯವಿತ್ತು, ಆದರೆ ಸಹಜವಾಗಿ ಸಿಡುಬು ತಗಲಿದಾಗಿನ ಅಪಾಯಕ್ಕಿಂತ ಅದು ಬಹಳ ಕಡಿಮೆ. ಫ್ರಾಂಕ್ಲಿನ್ ಆ ಪದ್ಧತಿಯ ಪರವಾಗಿದ್ದವರು. ಮಗುವಿಗೆ ಭೇದಿಯಾಗಿತ್ತು, ಸುಧಾರಿಸಲಿ ಎಂದು ಮುಂದಕ್ಕೆ ಹಾಕಿದರು. ಅಷ್ಟರಲ್ಲಿ ಸಿಡುಬು ಬಂದೇಬಿಟ್ಟಿತು. ಮಗು ಹೋದ ಮೇಲೆ, ಸಿಡುಬು ಹಾಕಿಸಿದ್ದರಿಂದಲೇ ಸತ್ತಿತು ಎಂಬ ಗಾಳಿಸುದ್ದಿ ಊರಲ್ಲೆಲ್ಲ ಹಬ್ಬಿತು. ಆ ತಂದೆ ದುಃಖದ ನಡುವೆಯೇ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ತನ್ನ ಮಗನಿಗೆ ಹಾಕಿಸಿರಲೇ ಇಲ್ಲ, ಸಹಜವಾಗಿ ತಗಲಿದ ರೋಗದಿಂದಲೇ ಅವನು ಸತ್ತ ಎಂದು ತಿಳಿಸಬೇಕಾಯಿತು. ಎಷ್ಟೋ ವರ್ಷಗಳ ನಂತರ ಆತ್ಮಚರಿತ್ರೆ ಬರೆಯುವಾಗ, ಹಾಕಿಸಿ ಮಗು ಸತ್ತರೆ ತಮ್ಮನ್ನು ತಾವೇ ಕ್ಷಮಿಸಿಕೊಳ್ಳಲಾರೆವೆಂದು ಸುಮ್ಮನಿರುವ ತಂದೆತಾಯಿಯರನ್ನು ನೆನೆದು, ಸುಮ್ಮನಿದ್ದಾಗಲೂ ಅದೇ ಪಶ್ಚಾತ್ತಾಪ ಕಾದಿರುತ್ತದೆ, ಆದ್ದರಿಂದ ಅಪಾಯ ಕಡಿಮೆ ಇರುವ ದಾರಿಯನ್ನೇ ಹಿಡಿಯಬೇಕು ಎಂಬರ್ಥದ ಮಾತನ್ನು ಅವರು ಬರೆದರು. ಮನೆಮನೆಯ ಈ ಜಗಳದ ಬಗ್ಗೆ ನನಗೆ ತಿಳಿದಂತೆ ಇದಕ್ಕಿಂತ ನೇರವಾಗಿ ಮಾತಾಡಿದವರಿಲ್ಲ.

ಜಗಳವಾಗುವ ಮನೆಗಳಲ್ಲಿ ಸಾಮಾನ್ಯವಾಗಿ ಏರ್ಪಡುವ ರಾಜಿ ಒಂದಿದೆ: ‘ಬೇಡವೇ ಬೇಡ ಅಂತಲ್ಲ, ಮಗು ಸ್ವಲ್ಪ ದೊಡ್ಡದಾಗಲಿ, ಗಟ್ಟಿಯಾಗಲಿ.’ ಎರಡೂ ಕಡೆಯವರ ಮುಖ ಉಳಿಸುವ ಈ ಮಾತು ಕೇಳಲು ಎಷ್ಟು ಹಿತವೋ ಅಷ್ಟೇ ಅಪಾಯದ್ದು. ನಾಯಿಕೆಮ್ಮು ದೊಡ್ಡ ಮಕ್ಕಳನ್ನು ವಾರಗಟ್ಟಲೆ ಕೆಮ್ಮಿಸಿ ಬಿಡುತ್ತದೆ; ಕೊಲ್ಲುವುದು ಮುಖ್ಯವಾಗಿ ಮೊದಲ ಕೆಲವು ತಿಂಗಳ ಕೂಸುಗಳನ್ನು. ಅಷ್ಟು ಚಿಕ್ಕ ಕೂಸು ಕೆಲವೊಮ್ಮೆ ಕೆಮ್ಮುವುದೂ ಇಲ್ಲ, ಉಸಿರಾಟವನ್ನೇ ನಿಲ್ಲಿಸಿ ನೀಲಿಗಟ್ಟುತ್ತದೆ. ಆರು ವಾರಕ್ಕೆ, ಎರಡು ತಿಂಗಳಿಗೆ ಎಂದು ಲಸಿಕೆಯ ದಿನಗಳನ್ನು ಗೊತ್ತುಮಾಡಿರುವುದು ಮಗು ಅತ್ಯಂತ ದುರ್ಬಲವಾಗಿರುವ ಕಾಲವನ್ನು ನೋಡಿಯೇ. ಜಪಾನ್ ದೇಶ ಈ ರಾಜಿಯನ್ನು ರಾಷ್ಟ್ರಮಟ್ಟದಲ್ಲಿ ಮಾಡಿ ನೋಡಿತು. 1975ರ ಹೊತ್ತಿಗೆ ಅಲ್ಲಿ ಲಸಿಕೆ ಹಾಕಿದ ಬೆನ್ನಿಗೆ ಎರಡು ಕೂಸುಗಳು ತೀರಿಕೊಂಡಾಗ, ನಾಯಿಕೆಮ್ಮಿನ ಲಸಿಕೆಯನ್ನು ಕೆಲಕಾಲ ನಿಲ್ಲಿಸಿ, ಆಮೇಲೆ ಎರಡು ವರ್ಷ ತುಂಬಿದ ಮಕ್ಕಳಿಗೆ ಕೊಡಬೇಕೆಂದು ಬದಲಾಯಿಸಿದರು. ಜನರ ನಂಬಿಕೆಯೂ ಕುಸಿಯಿತು. 1974ರಲ್ಲಿ ಇಡೀ ದೇಶದಲ್ಲಿ ನಾನೂರರ ಒಳಗೆ ಇದ್ದ, ಒಂದೂ ಸಾವಿಲ್ಲದಿದ್ದ ನಾಯಿಕೆಮ್ಮಿನ ಪ್ರಕರಣಗಳು 1979ಕ್ಕೆ 13,000 ದಾಟಿದವು, 41 ಮಂದಿ ಸತ್ತರು. 1981ರಲ್ಲಿ ಜ್ವರ, ಊತ ಕಡಿಮೆ ಬರಿಸುವ ಹೊಸ ಬಗೆಯ ಲಸಿಕೆಯನ್ನು ಆ ದೇಶವೇ ಮೊದಲಿಗೆ ಬಳಕೆಗೆ ತಂದ ಮೇಲೆ ಪರಿಸ್ಥಿತಿ ತಹಬಂದಿಗೆ ಬಂತು. ಜನರ ಭಯವನ್ನು ತಳ್ಳಿಹಾಕದೆ ಉತ್ತಮ ಲಸಿಕೆಯನ್ನು ಹುಡುಕಿದ್ದು ಅಲ್ಲಿಯ ವಿಜ್ಞಾನಿಗಳ ದೊಡ್ಡತನ. ಆದರೆ ನಡುವಿನ ವರ್ಷಗಳಲ್ಲಿ ಹೋದ ಕೂಸುಗಳ ಹೊಣೆಯನ್ನು ಯಾರೂ ಯಾರಿಗೂ ಕೇಳಿರಲಾರರು.

ಇನ್ನು ಲಸಿಕೆಯಿಂದ ಆಟಿಸಂ, ಅಂದರೆ ಮಗು ಮಾತಾಡುವ, ಇತರರೊಡನೆ ಬೆರೆಯುವ ರೀತಿಯೇ ಬೇರೆಯಾಗಿರುವ ಸ್ಥಿತಿ, ಬರುತ್ತದೆಂಬ ಭಯ. ಈ ಭಯ ಹೇಗೆ ಹುಟ್ಟಿತೆಂಬುದು ಗೊತ್ತಿರುವ ಸಂಗತಿ. 1998ರಲ್ಲಿ ಬ್ರಿಟನ್ನಿನ ವೈದ್ಯ ಆ್ಯಂಡ್ರೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಕೇವಲ 12 ಮಕ್ಕಳ ಬಗ್ಗೆ ಒಂದು ಲೇಖನ ಪ್ರಕಟಿಸಿ ಎಂಎಂಆರ್ ಲಸಿಕೆಯ ಮೇಲೆ ಸಂಶಯ ಬರುವಂತೆ ಮಾಡಿದರು. ಲಸಿಕೆ ತಯಾರಕರ ಮೇಲೆ ಮೊಕದ್ದಮೆ ಹೂಡಲು ಸಿದ್ಧತೆ ನಡೆಸಿದ್ದ ವಕೀಲರಿಂದ ವೇಕ್‌ಫೀಲ್ಡ್ ಹಣ ಪಡೆದಿದ್ದುದು ಆಮೇಲೆ ಬಯಲಾಯಿತು. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಪೂರ್ತಿಯಾಗಿ ಹಿಂತೆಗೆದುಕೊಂಡಿತು, ಅದೇ ವರ್ಷ ಅವರ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. 2019ರಲ್ಲಿ ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ವರ್ಷಗಳ ಕಾಲ ಗಮನಿಸಿದ ಅಧ್ಯಯನ ಹೊರಬಂತು: ಲಸಿಕೆ ಪಡೆದ ಮಕ್ಕಳಲ್ಲಿ ಆಟಿಸಂ ಹೆಚ್ಚಾಗಿರಲಿಲ್ಲ, ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದ ಮಕ್ಕಳಲ್ಲಿಯೂ ಹೆಚ್ಚಾಗಿರಲಿಲ್ಲ. ಹಾಗಿದ್ದರೂ ಸಂಶಯ ಏಕೆ ಹೋಗುವುದಿಲ್ಲವೆಂದರೆ, ಮಗು ಹೆಸರು ಕರೆದರೆ ತಿರುಗುವುದಿಲ್ಲ, ಕಣ್ಣಿಟ್ಟು ನೋಡುವುದಿಲ್ಲ, ಮಾತು ಕಲಿಯುತ್ತಿಲ್ಲ ಎಂಬುದು ಮನೆಯವರ ಗಮನಕ್ಕೆ ಬರುವ ವಯಸ್ಸೂ ಎಂಎಂಆರ್ ಹಾಕುವ ವಯಸ್ಸೂ ಹೆಚ್ಚುಕಡಿಮೆ ಒಂದೇ. ಒಂದಾದ ಮೇಲೆ ಒಂದು ಬಂದರೆ ಮೊದಲನೆಯದೇ ಕಾರಣ ಎಂದು ತಿಳಿಯುವುದು ಮನುಷ್ಯ ಸಹಜ, ಅದರಲ್ಲೂ ನೊಂದ ತಂದೆತಾಯಿಯರಿಗೆ. ಅವರನ್ನು ಹೀಯಾಳಿಸುವವರ ಬಗ್ಗೆ ನನಗೆ ಗೌರವವಿಲ್ಲ.

ಲಸಿಕೆಗಳಿಂದ ಎಂದೂ ತೊಂದರೆಯಾಗಿಲ್ಲ ಎಂದು ಹೇಳಿ ಮನೆಯವರ ಬಾಯಿ ಮುಚ್ಚಿಸಲು ಹೋಗುವುದೂ ತಪ್ಪು, ಅದು ನಿಜವಲ್ಲ. ಅಮೆರಿಕದಲ್ಲಿ 1998ರಲ್ಲಿ ಅನುಮತಿ ಪಡೆದ, ಕೂಸುಗಳಿಗೆ ತೀವ್ರ ಭೇದಿ ತರುವ ರೋಟಾವೈರಸ್ ವಿರುದ್ಧದ ಲಸಿಕೆಯೊಂದರಿಂದ ಸುಮಾರು 10,000 ಕೂಸುಗಳಿಗೆ ಒಂದರಂತೆ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸೇರಿ ಸಿಕ್ಕಿಕೊಳ್ಳುವ ಕಾಯಿಲೆ ಕಾಣಿಸಿದಾಗ, ಮರುವರ್ಷವೇ ಅದನ್ನು ಹಿಂತೆಗೆಯಲಾಯಿತು. ಅದರ ಜಾಗಕ್ಕೆ ಬಂದ ಎರಡು ಲಸಿಕೆಗಳನ್ನು ತಲಾ 60,000ಕ್ಕೂ ಹೆಚ್ಚು ಶಿಶುಗಳಲ್ಲಿ ಪರೀಕ್ಷಿಸಿದ ಮೇಲೆ ಬಳಕೆಗೆ ಬಿಟ್ಟರು. ತಪ್ಪನ್ನು ಬೇಗ ಹಿಡಿದು ಒಪ್ಪಿಕೊಂಡ ಈ ಕಥೆಯನ್ನು ಮರೆಮಾಚದೆ ಹೇಳಿದರೆ ಸಂಶಯಪಡುವವರಿಗೆ ಧೈರ್ಯವೇ ಬರುತ್ತದೆ. ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ಆದುದು ಇದಕ್ಕಿಂತ ಘೋರ. 2018ರಲ್ಲಿ ಅಲ್ಲಿ ಎಂಎಂಆರ್ ಪುಡಿಯನ್ನು ನೀರಿನಲ್ಲಿ ಕಲಸುವ ಬದಲು ತಪ್ಪಾಗಿ ಅವಧಿ ಮೀರಿದ ಅರಿವಳಿಕೆಯ ಔಷಧಿಯಲ್ಲಿ ಕಲಸಿ ಚುಚ್ಚಿದ್ದರಿಂದ ಎರಡು ಕೂಸುಗಳು ಸತ್ತವು. ಲಸಿಕೆ ಕಾರ್ಯಕ್ರಮ ತಿಂಗಳುಗಟ್ಟಲೆ ನಿಂತಿತು, ಜನ ಹೆದರಿದರು, ಹೊರಗಿನಿಂದ ಬಂದವರು ಆ ಹೆದರಿಕೆಯನ್ನು ಇನ್ನಷ್ಟು ಊದಿದರು. 2019ರ ಕೊನೆಗೆ ದಡಾರ ನುಗ್ಗಿತು. ಸುಮಾರು 2 ಲಕ್ಷ ಜನರಿರುವ ಆ ಪುಟ್ಟ ದೇಶದಲ್ಲಿ 5,700 ಮಂದಿಗೆ ತಗಲಿ 83 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಮೊದಲ ಎರಡು ಸಾವುಗಳಿಗೆ ನ್ಯಾಯಾಲಯದಲ್ಲಿ ಹೊಣೆ ನಿಗದಿಯಾಯಿತು. ಉಳಿದ 83ಕ್ಕೆ?

‘ಅಷ್ಟು ಸಣ್ಣ ಮೈಗೆ ಇಷ್ಟೊಂದು ಮದ್ದೇ?’ ಎನ್ನುವವರಿಗೆ ಒಂದು ಮಾತು ಸಾಕು. ಹಿಂದೆ ಹಾಕುತ್ತಿದ್ದ ಸಿಡುಬಿನ ಲಸಿಕೆ ಒಂದರಲ್ಲೇ ದೇಹ ಗುರುತಿಸಿ ಎದುರಿಸಬೇಕಾದ ಸುಮಾರು 200 ಪ್ರೋಟೀನುಗಳಿದ್ದವು; ಇಂದಿನ ಲಸಿಕೆಗಳು ಎಷ್ಟೋ ಹೆಚ್ಚು ಶುದ್ಧವಾಗಿರುವುದರಿಂದ, ಚುಚ್ಚುವ ಸಲ ಹೆಚ್ಚಿದ್ದರೂ ಮಗುವಿನ ದೇಹ ಎದುರಿಸಬೇಕಾದ ಹೊರೆ ಹಿಂದಿನದಕ್ಕಿಂತ ಕಡಿಮೆಯೇ.

ಕೆಲವು ಮನೆಗಳಲ್ಲಿ ಜಗಳ ತಾಳಲಾರದೆ ತಂದೆತಾಯಿಯರಲ್ಲಿ ಒಬ್ಬರು ಇನ್ನೊಬ್ಬರಿಗೆ ತಿಳಿಯದಂತೆ ಮಗುವನ್ನು ಕರೆದೊಯ್ದು ಲಸಿಕೆ ಹಾಕಿಸಿ ಬರುವುದುಂಟು. ಅವರ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೂ ಇದನ್ನು ನಾನು ಒಪ್ಪಲಾರೆ. ರಾತ್ರಿ ಜ್ವರ ಬಂದಾಗ ಕಾರಣ ಹೇಳಲಾಗದ ಸ್ಥಿತಿ ಬರುತ್ತದೆ, ಇನ್ನೊಂದು ಆಸ್ಪತ್ರೆಗೆ ಓಡಿದರೆ ವೈದ್ಯರಿಗೆ ಸರಿಯಾದ ವಿವರ ಸಿಗುವುದಿಲ್ಲ, ಗುಟ್ಟು ರಟ್ಟಾದ ದಿನ ಲಸಿಕೆಯ ಜೊತೆಗೆ ಹಾಕಿಸಿದವರ ಮೇಲೂ ನಂಬಿಕೆ ಹೋಗುತ್ತದೆ. ಮಾತು ಮುರಿದು ಕೋರ್ಟು ಮೆಟ್ಟಿಲು ಹತ್ತಿದವರೂ ಇದ್ದಾರೆ. 2003ರಲ್ಲಿ ಇಂಗ್ಲೆಂಡಿನಲ್ಲಿ ಇಬ್ಬರು ತಂದೆಯರು ಬೇರೆಬೇರೆಯಾಗಿ ಕೋರಿದಂತೆ, ತಾಯಂದಿರ ವಿರೋಧವಿದ್ದರೂ, ಅವರ ಹೆಣ್ಣುಮಕ್ಕಳಿಗೆ ಲಸಿಕೆ ಕೊಡಿಸಬೇಕೆಂದು ನ್ಯಾಯಾಲಯ ತೀರ್ಪಿತ್ತಿತು. ಮಗುವಿನ ಹಿತದ ದೃಷ್ಟಿಯಿಂದ ತೀರ್ಪು ಸರಿಯಾದದ್ದೇ, ಆದರೆ ಅಲ್ಲಿಯವರೆಗೆ ಹೋಗಬೇಕಾಗಿ ಬರುವುದು ದುರ್ದೈವ.

ಅದಕ್ಕಿಂತ ಸುಲಭದ ದಾರಿ ಮಕ್ಕಳ ತಜ್ಞರ ಕೊಠಡಿಯಲ್ಲಿದೆ, ಆದರೆ ಅಲ್ಲಿಗೆ ಹೋಗಬೇಕಾದವರು ಹೋಗುವುದಿಲ್ಲ. ಒಪ್ಪಿದವರು ಮಗುವನ್ನೆತ್ತಿಕೊಂಡು ಒಳಗೆ ಹೋಗುತ್ತಾರೆ, ಒಪ್ಪದವರು ಮನೆಯಲ್ಲೋ ಹೊರಗಿನ ಬೆಂಚಿನಲ್ಲೋ ಉಳಿಯುತ್ತಾರೆ. ಅವರ ಪ್ರಶ್ನೆಗಳಿಗೆ ಉತ್ತರ ಹೇಳುವ ಭಾರ ವೈದ್ಯಕೀಯ ಓದಿಲ್ಲದ ಸೊಸೆಯ ಮೇಲೋ ಅಳಿಯನ ಮೇಲೋ ಬೀಳುತ್ತದೆ. ನಾನು ಕಂಡ ಒಬ್ಬ ವೈದ್ಯೆ ಹಾಗೆ ಬಿಡುತ್ತಿರಲಿಲ್ಲ. ‘ಅಜ್ಜಿ ಬಂದಿಲ್ಲವೇ? ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ, ಅವರ ಹತ್ತಿರ ನನಗೆ ಮಾತಾಡಬೇಕು’ ಎನ್ನುತ್ತಿದ್ದರು. ಅಜ್ಜಿ ಬಂದರೆ ಕುರ್ಚಿ ಎಳೆದು ಹತ್ತಿರ ಕೂರಿಸಿಕೊಂಡು, ‘ನಿಮಗೆ ಯಾವುದು ಹೆದರಿಕೆ, ಅದನ್ನ ಮೊದಲು ಹೇಳಿ ಅಮ್ಮ’ ಎಂದು ಕೇಳಿ, ಅವರ ಮಾತು ಮುಗಿಯುವವರೆಗೆ ಬಾಯಿ ಹಾಕುತ್ತಿರಲಿಲ್ಲ. ಕೆಲವು ಮಕ್ಕಳಿಗೆ ನಿಜವಾಗಿಯೂ ಕೆಲವು ಲಸಿಕೆ ಕೂಡದು: ರೋಗನಿರೋಧಕ ಶಕ್ತಿ ತೀರ ಕುಗ್ಗಿರುವವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಜೀವಂತ ವೈರಾಣುವಿನ ಲಸಿಕೆಗಳನ್ನು ಕೊಡುವುದಿಲ್ಲ, ಹಿಂದಿನ ಡೋಸಿನಲ್ಲಿ ತೀವ್ರ ಅಲರ್ಜಿಯಾಗಿದ್ದರೆ ಅದೇ ಲಸಿಕೆಯನ್ನು ಮತ್ತೆ ಹಾಕುವುದಿಲ್ಲ. ಸಣ್ಣ ನೆಗಡಿ ಇಂಥ ಕಾರಣವಲ್ಲ. ಇದನ್ನೆಲ್ಲ ಆ ವೈದ್ಯೆಯ ಬಾಯಿಂದ ನೇರವಾಗಿ ಕೇಳಿದವರು ಎಲ್ಲರೂ ಒಪ್ಪಿದರೆಂದು ನಾನು ಹೇಳುವುದಿಲ್ಲ, ಆದರೆ ಒಪ್ಪದವರೂ ಮನೆಗೆ ಬಂದ ಮೇಲೆ ಸೊಸೆಯನ್ನು ದೂರುತ್ತಿರಲಿಲ್ಲ.

ಮನೆಯಲ್ಲಿ ಎಲ್ಲರೂ ಒಪ್ಪುವವರೆಗೆ ಕಾಯಬೇಕೇ ಎಂದರೆ, ಕಾಯಬಾರದು ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ. ತೀರ್ಮಾನ ತಂದೆತಾಯಿಯರದು, ಉಳಿದವರದು ಸಲಹೆ. ತಂದೆತಾಯಿಯರಿಬ್ಬರೇ ಒಪ್ಪದಿದ್ದಾಗ, ಮುಂದಿನ ಡೋಸಿನ ದಿನಕ್ಕೆ ಮುಂಚೆಯೇ ಇಬ್ಬರೂ ಒಟ್ಟಿಗೆ ವೈದ್ಯರ ಎದುರು ಕುಳಿತು ಮಾತಾಡಿ ಮುಗಿಸಬೇಕು. ಏಕೆಂದರೆ ಈ ತೀರ್ಮಾನ ಆ ಮನೆಯ ಗೋಡೆಗಳೊಳಗೇ ಉಳಿಯುವಂಥದ್ದಲ್ಲ. ದಡಾರದ ರೋಗಿ ಕೋಣೆಯಿಂದ ಎದ್ದುಹೋದ ಮೇಲೂ ವೈರಾಣು ಎರಡು ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಲ್ಲದು. ರೋಗನಿರೋಧಕ ಶಕ್ತಿಯಿಲ್ಲದವರ ನಡುವೆ ಒಬ್ಬರಿಂದ 12ರಿಂದ 18 ಮಂದಿಗೆ ಹರಡಬಲ್ಲದು. ನೂರಕ್ಕೆ ಸುಮಾರು 95 ಮಂದಿ ಎರಡೂ ಡೋಸು ಪಡೆದಿದ್ದರೆ ಮಾತ್ರ, ಲಸಿಕೆ ಹಾಕಲಾಗದಷ್ಟು ಎಳೆಯ ಕೂಸಿಗೂ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಪಕ್ಕದ ಮನೆಯ ಹುಡುಗಿಗೂ ರಕ್ಷಣೆ ಸಿಗುತ್ತದೆ.

ಆದ್ದರಿಂದ ತಮ್ಮ ಮೂಲಕ ಎರಡು ಕೋರಿಕೆ. ಮೊದಲನೆಯದು ಆಸ್ಪತ್ರೆಗಳಿಗೆ: ಲಸಿಕೆಯ ದಿನದ ನೂಕುನುಗ್ಗಲಿನಲ್ಲಿ ಯಾರಿಗೂ ಮಾತಾಡಲು ಸಮಯವಿರುವುದಿಲ್ಲ, ಹೀಗಾಗಿ ಮಗು ಹುಟ್ಟುವ ಮೊದಲೇ, ಗರ್ಭಿಣಿಯ ತಪಾಸಣೆಗೆ ಬಂದಾಗ, ಗಂಡ ಮತ್ತು ಮನೆಯ ಹಿರಿಯರನ್ನು ಕರೆಸಿ ಮುಂದಿನ ಲಸಿಕೆಗಳ ಬಗ್ಗೆ, ಬರಬಹುದಾದ ಜ್ವರ, ಊತಗಳ ಬಗ್ಗೆ, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕೆಂಬುದರ ಬಗ್ಗೆ ತಿಳಿಸುವ ಏರ್ಪಾಡಾಗಬೇಕು. ಎರಡನೆಯದು ತಮಗೆ: ಲಸಿಕೆ ಹಾಕಿದ ಮೇಲೆ ಮಗುವಿಗೆ ತೊಂದರೆಯಾಯಿತೆಂಬ ಸುದ್ದಿ ಮುಖಪುಟದಲ್ಲಿ ಬರುತ್ತದೆ, ವಾರಗಳ ನಂತರ ತನಿಖೆಯಲ್ಲಿ ಕಾರಣ ಬೇರೆಯೆಂದು ತಿಳಿದರೆ ಅದು ಒಳಪುಟದ ಮೂಲೆಯಲ್ಲಿ ಎರಡು ಸಾಲಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ಮನೆಗಳಲ್ಲಿ ಕತ್ತರಿಸಿ ಇಟ್ಟುಕೊಳ್ಳುವುದು, ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದು ಆ ಮೊದಲ ಸುದ್ದಿಯನ್ನು. ಮೊದಲ ಸುದ್ದಿ ಬಂದ ಜಾಗದಲ್ಲಿ, ಅದೇ ಅಳತೆಯ ತಲೆಬರಹದಲ್ಲಿ, ತನಿಖೆಯ ಫಲಿತಾಂಶವನ್ನೂ ತಾವು ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗಳು